ಹಾನಗಲ್ಲ ಹೆಸರಿನ ಗಾಯನವೃಂದ

ಸಂಗೀತದ ಚರಿತ್ರೆಯೆಂದರೆ ಗಾಯಕರ ಚರಿತ್ರೆಯೆಂದೇ ತಿಳಿಯುವ ವಾಡಿಕೆ ನಮ್ಮಲ್ಲುಂಟು. ಇಂಥ ಘರಾಣೆಯಲ್ಲಿ ಇಂಥ ಖಾನಸಾಹೇಬರು ಆಗಿಹೋದರು, ಇಂಥ ಸಂಸ್ಥಾನದಲ್ಲಿ ಅವರಿಗೆ ಆಶ್ರಯ ದೊರೆಯಿತು, ಇಂಥಿಂಥವರು ಅವರ ಶಿಷ್ಯರಾದರು ಎಂದು ಬರೆದರೆ ಚರಿತ್ರೆ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಬೈಠಕಿನಲ್ಲಿ ಯಾವ ಗಾಯಕನೂ ಒಬ್ಬಂಟಿಯಾಗಿ ಕುಳಿತು ಹಾಡಿದವನಲ್ಲ. ಆತನ ಬೆನ್ನ ಹಿಂದೆ ತಂಬೂರಿ ಮೀಟುವವರಿರುತ್ತಾರೆ. ಎಡಬಲಗಳಲ್ಲಿ ತಬಲವೂ ಪೇಟಿಯೋ ಸಾರಂಗಿಯೋ ಇರುತ್ತವೆ. ಉಸಿರು ತಿರುಗಿಸಿಕೊಳ್ಳುವಾಗ ಸ್ವರವು ಬೀಳದಂತೆ ಹಿಡಿದು ನಿಲ್ಲಿಸುವ ಇನ್ನೊಂದು ಕಂಠವಿರುತ್ತದೆ. ಇವರೆಲ್ಲರೂ ಕೂಡಿದ ಗುಂಪಿಗೂ ತನ್ನದೇ ಆದ ಹುಟ್ಟು, ಬೆಳವಣಿಗೆ, ವಿಪತ್ತು, ಮುಗಿತಾಯಗಳುಂಟು. ನಮ್ಮ ಜಿಲ್ಲೆಯ ಹಾನಗಲ್ಲ ಊರಿನ ಹೆಸರನ್ನು ಹೊತ್ತು ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದ ಅಂಥ ಒಂದು ವೃಂದದ ಚರಿತ್ರೆಯನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ಪಾಶ್ಚಾತ್ಯರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರವುಳ್ಳವರು. ಅವರಲ್ಲಿ ತಂತೀವಾದ್ಯಗಳ ಚತುಷ್ಟಯವೆಂಬ ಒಂದು ಏರ್ಪಾಡು ಹದಿನೆಂಟನೆಯ ಶತಮಾನದಿಂದ ನಡೆದುಬಂದಿದೆ. ಅದನ್ನು ಅವರು ಸ್ಟ್ರಿಂಗ್ ಕ್ವಾರ್ಟೆಟ್ ಎನ್ನುತ್ತಾರೆ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಒಂದು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ಚೆಲ್ಲೋ ಒಂದು, ಹೀಗೆ ನಾಲ್ವರು ಕೂಡುವರು. ಆಸ್ಟ್ರಿಯ ದೇಶದ ಹೇಡನ್ ಎಂಬ ವಾಗ್ಗೇಯಕಾರನು (1732–1809) ಈ ನಾಲ್ಕು ವಾದ್ಯಗಳಿಗಾಗಿ ಅರವತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿ ಈ ಪದ್ಧತಿಗೆ ಅಡಿಪಾಯ ಹಾಕಿದನು. ಅಲ್ಲಿಯ ವಿಶೇಷವೇನೆಂದರೆ, ಚರಿತ್ರೆಯು ಒಬ್ಬ ವಾದಕನ ಹೆಸರಿನಲ್ಲಿ ನಡೆಯದೆ ನಾಲ್ವರಿಗೂ ಕೂಡಿದ ಒಂದು ಹೆಸರಿನಲ್ಲಿ ನಡೆಯುವದು. 1947ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮೇಡಿಯಸ್ ಎಂಬ ಚತುಷ್ಟಯದಲ್ಲಿ ಬ್ರೈನಿನ್, ನಿಸ್ಸೆಲ್, ಶಿಡ್ಲಾಫ್ ಎಂಬ ಮೂವರು ಆಸ್ಟ್ರಿಯದಿಂದ ಓಡಿಬಂದ ನಿರಾಶ್ರಿತರು. ಲವೆಟ್ ಎಂಬ ನಾಲ್ಕನೆಯವನು ಆಂಗ್ಲನು. ನಾಲ್ವತ್ತು ವರ್ಷ ಅವರೇ ನಾಲ್ವರು ಕೂಡಿ ಬಾರಿಸಿದರು. 1987ರಲ್ಲಿ ಶಿಡ್ಲಾಫನು ತೀರಿಕೊಳ್ಳಲು, ಉಳಿದ ಮೂವರು ಅವನ ಸ್ಥಳಕ್ಕೆ ಬೇರೊಬ್ಬನನ್ನು ತಾರದೆ ಚತುಷ್ಟಯವನ್ನೇ ಮುಗಿಸಿಬಿಟ್ಟರು. ಇದಕ್ಕೆ ವಿರುದ್ಧವಾಗಿ, 1917ರಿಂದ 1967ರ ವರೆಗೆ ಬಾಳಿದ ಬುಡಾಪೆಸ್ಟ್ ಚತುಷ್ಟಯದಲ್ಲಿ ಒಬ್ಬೊಬ್ಬರೇ ಬಿಟ್ಟುಹೋಗಿ ಹೊಸಬರು ಬಂದು, ಕೊನೆಗೆ ಮೂಲದ ಹಂಗೇರಿಯವರಲ್ಲಿ ಒಬ್ಬನೂ ಉಳಿಯಲಿಲ್ಲ. ಹೆಸರು ಮಾತ್ರ ಅದೇ ನಡೆಯಿತು. ಒಂದು ವ್ಯಕ್ತಿನಿಷ್ಠವಾದ ದಾರಿ, ಇನ್ನೊಂದು ಸಂಸ್ಥಾನಿಷ್ಠವಾದ ದಾರಿ. ಈ ಎರಡೂ ದಾರಿಗಳು ನಮ್ಮ ಸೀಮೆಯಲ್ಲಿಯೂ ಉಂಟೆಂಬುದನ್ನು ಮುಂದೆ ಕಾಣಬಹುದು.

ಕೂಡಿ ಹಾಡುವ ಮತ್ತು ಕೂಡಿ ಬಾರಿಸುವ ಶಾಸ್ತ್ರವು ನಮ್ಮಲ್ಲಿಲ್ಲವೆಂದು ಯಾರೂ ತಿಳಿಯಬಾರದು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ‘ಕುತಪ’ವೆಂದು ವಾದ್ಯಸಮೂಹವನ್ನು ಹೇಳಿದ್ದಾನೆ. ಅದರಲ್ಲಿ ತತಕುತಪ, ಅಂದರೆ ತಂತೀವಾದ್ಯಗಳ ಸಮೂಹ, ಎಂಬುದರಲ್ಲಿ ಪರಿವಾರಸಹಿತನಾದ ಗಾಯಕ, ವಿಪಂಚಿಯನ್ನು ನುಡಿಸುವವನು, ವೀಣೆ ನುಡಿಸುವವನು, ಕೊಳಲೂದುವವನು ಇವರು ಸೇರುವರು. ಹದಿಮೂರನೆಯ ಶತಮಾನದಲ್ಲಿ ಯಾದವರ ರಾಜಧಾನಿಯಾದ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಇದನ್ನೇ ‘ವೃಂದ’ವೆಂದು ಕರೆದು, ಮುಖ್ಯಗಾಯಕರು ಇಷ್ಟು, ಸಮಗಾಯಕರು ಇಷ್ಟು, ಗಾಯನಿಯರು ಇಷ್ಟು ಎಂದು ಎಣಿಕೆಯನ್ನೂ ಕೊಟ್ಟಿದ್ದಾನೆ. ಉತ್ತಮವೃಂದದಲ್ಲಿ ಮುಖ್ಯಗಾಯಕರು 4, ಸಮಗಾಯಕರು 8, ಗಾಯನಿಯರು 12, ಕೊಳಲಿನವರು 4, ಮದ್ದಲೆಯವರು 4.

ಅದಕ್ಕಿಂತಲೂ ನಮಗೆ ಇಲ್ಲಿ ಉಪಯೋಗಕ್ಕೆ ಬರುವದು ಆತನು ಹೇಳಿದ ವೃಂದದ ಆರು ಗುಣಗಳು. ಮುಖ್ಯಗಾಯಕನನ್ನು ಅನುಸರಿಸಿ ನಡೆಯುವದು ಮೊದಲನೆಯದು. ಒಬ್ಬರ ದನಿಯು ಇನ್ನೊಬ್ಬರದರಲ್ಲಿ ಬೆರೆಯುವದು ಎರಡನೆಯದು. ತಾಳದ ನಡೆಯನ್ನು ಬಿಡದೆ ಹಿಂಬಾಲಿಸುವದು ಮೂರನೆಯದು. ಒಬ್ಬರಲ್ಲಿ ಕಡಿದುಹೋದುದನ್ನು ಇನ್ನೊಬ್ಬರು ತುಂಬಿಕೊಡುವದು ನಾಲ್ಕನೆಯದು. ಮಂದ್ರ, ಮಧ್ಯ, ತಾರ ಎಂಬ ಮೂರೂ ಸ್ಥಾನಗಳನ್ನು ವ್ಯಾಪಿಸುವ ಶಕ್ತಿಯು ಐದನೆಯದು. ದನಿಗಳಲ್ಲಿ ಸಾದೃಶ್ಯವಿರುವದು ಆರನೆಯದು. ಈ ಆರನ್ನೂ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ನಮ್ಮ ವೃಂದವನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡುವದಿದೆ.

ಇನ್ನು ನಮ್ಮ ಸೀಮೆಯ ಮಾತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು 1997ರಿಂದ ಹಾವೇರಿ ಜಿಲ್ಲೆಗೆ ಸೇರಿವೆ. ಅದಕ್ಕೂ ಹಿಂದೆ ಇವು ಧಾರವಾಡ ಜಿಲ್ಲೆಯವು. ಬ್ರಿಟಿಷರ ಕಾಲದಲ್ಲಿ ಶಿಗ್ಗಾಂವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಮುಖ್ಯ ಸ್ಥಳಗಳಾಗಿದ್ದವು. ಸವಣೂರು 1948ರ ವಿಲೀನೀಕರಣದ ವರೆಗೆ ನವಾಬರ ಸಣ್ಣ ಸಂಸ್ಥಾನವಾಗಿತ್ತು. ಹಳೆಯ ಕಾಲದಲ್ಲಿ ದೇವಾಲಯಗಳೇ ಸಂಗೀತಕ್ಕೆ ಆಶ್ರಯ. ಕನ್ನಡ ನಾಡಿನ ಶಾಸನಗಳಲ್ಲಿ ಅಂಗಭೋಗ ರಂಗಭೋಗಗಳಿಗೆಂದು ಭೂಮಿಯನ್ನು ಬಿಟ್ಟ ಮಾತು ಮೇಲಿಂದ ಮೇಲೆ ಬರುವದಷ್ಟೆ; ಆ ರಂಗಭೋಗವೆಂದರೆ ದೇವರ ಮುಂದಿನ ನೃತ್ಯಗೀತಗಳ ಸೇವೆಯು. ಹಾನಗಲ್ಲಿನ ತಾರಕೇಶ್ವರನ ರಂಗಮಂಟಪದಲ್ಲಿ ನಿಂತು ಮೇಲ್ಗಡೆಯ ಕಮಲದ ಭುವನೇಶ್ವರಿಯನ್ನು ನೋಡಿದವರಿಗೆ ಆ ಕಾಲದ ವೈಭವದ ಕಲ್ಪನೆಯಾಗದೆ ಇರದು. ದೇವಾಲಯಗಳ ಆ ಐಶ್ವರ್ಯ ಅಡಗಿದ ಮೇಲೆ ಇಲ್ಲಿ ಉಳಿದದ್ದು ಭಜನೆ, ತತ್ವಪದ, ಏಕತಾರಿ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫಸಾಹೇಬರು (1819–1889) ಹಾಡಿದ ಪದಗಳು ಇಂದಿಗೂ ತಂಬೂರಿಯ ಕೂಡ ಊರೂರುಗಳಲ್ಲಿ ಜೀವಿಸಿವೆ. ಆದರೆ ಖ್ಯಾಲ ಗಾಯನದಂಥ ದೀರ್ಘ ವ್ಯಾಸಂಗದ ವಿದ್ಯೆಗೆ ಬೇಕಾದ ದೊಡ್ಡ ದರಬಾರು ಮೈಸೂರು, ಬಡೋದೆಗಳಲ್ಲಿದ್ದಂತೆ ಇಲ್ಲಿರಲಿಲ್ಲ. ಆದುದರಿಂದ ವಿದ್ಯೆಯನ್ನರಸುವವರು ಧಾರವಾಡಕ್ಕೋ ಹುಬ್ಬಳ್ಳಿಗೋ ಮಿರಜಕ್ಕೋ ಹೋಗಬೇಕಾಯಿತು. ಹೋದವರು ಊರನ್ನು ಬಿಟ್ಟರೂ ಊರಿನ ಹೆಸರನ್ನು ಬಿಡಲಿಲ್ಲ.

ಗಂಗೂಬಾಯಿ ಹಾನಗಲ್ಲರು ಹಾಗೆ ಹೆಸರನ್ನು ಉಳಿಸಿಕೊಂಡ ಮನೆತನದವರು. ಅವರು ಹುಟ್ಟಿದ್ದು 1913ನೆಯ ಇಸವಿ ಮಾರ್ಚ 5ರಂದು, ಧಾರವಾಡದಲ್ಲಿ. ಬಾಳಿದ್ದು 1928ರಿಂದ ಕೊನೆಯ ವರೆಗೆ ಹುಬ್ಬಳ್ಳಿಯಲ್ಲಿ. ಹಾನಗಲ್ಲ ಮನೆತನದ ಮೂಲ ಊರು. ತಂದೆ ಚಿಕ್ಕೂರಾವ ನಾಡಗೀರರು ಒಕ್ಕಲುತನದವರು. ತಾಯಿ ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಗಾಯಕಿಯರು. ಅಜ್ಜಿ ಕಮಲಾಬಾಯಿಯವರೂ ಹಾಡುವವರು. ಹೆಣ್ಣುಮಕ್ಕಳು ತಲೆತಲಾಂತರವಾಗಿ ಹಾಡಿಕೊಂಡು ಬಂದ ಈ ಮನೆತನವನ್ನು ಅಂದಿನ ಸಮಾಜವು ಯಾವ ದೃಷ್ಟಿಯಿಂದ ನೋಡುತ್ತಿತ್ತೆಂಬುದನ್ನು ಇಲ್ಲಿ ಮರೆಮಾಚುವದು ಸತ್ಯಕ್ಕೆ ಒಪ್ಪದು. ಬೀದಿಯಲ್ಲಿ ನಡೆಯುವಾಗ ಜನರು ಹಂಗಿಸಿ ಮಾತಾಡುತ್ತಿದ್ದರು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆಯನ್ನು ಹಾಡಿದ ಬಾಲಕಿಯರಲ್ಲಿ ಇವರೂ ಒಬ್ಬರು. ಹಾಡಿದ ಸಂತೋಷಕ್ಕಿಂತ, ಊಟದ ಹೊತ್ತಿಗೆ ತಮ್ಮನ್ನು ಬೇರೆ ಕೂಡಿಸುವರೋ, ಎಂಜಲೆಲೆಗಳನ್ನು ಎತ್ತೆಂದು ಹೇಳುವರೋ ಎಂಬ ಅಂಜಿಕೆಯೇ ಆ ಹನ್ನೊಂದು ವರ್ಷದ ಮನಸ್ಸಿನಲ್ಲಿ ಹೆಚ್ಚಾಗಿತ್ತೆಂದು ಅವರೇ ಮುಂದೆ ಹೇಳಿಕೊಂಡರು. ಇಂಥ ಸ್ಥಿತಿಯಲ್ಲಿ ಹೊರಗಿನ ಸಾಥಿದಾರರನ್ನು ನೆಚ್ಚಿ ಒಂದು ವೃಂದವನ್ನು ಕಟ್ಟುವದು ಕಷ್ಟ. ಮನೆಯೇ ವೃಂದವಾಗಬೇಕಾಯಿತು.

ಆ ವೃಂದದ ಮೊದಲ ತ್ಯಾಗವು ತಾಯಿಯದು. ಅಂಬಾಬಾಯಿಯವರ ಗಾಯನವನ್ನು ಕೇಳುವದಕ್ಕೆ ಕಿರಾಣಾ ಘರಾಣೆಯ ಮಹಾಗಾಯಕರಾದ ಅಬ್ದುಲ್ ಕರೀಮ ಖಾನರು (1872–1937) ಧಾರವಾಡದ ಆ ಮನೆಗೆ ಬರುತ್ತಿದ್ದರಂತೆ. ಕರ್ನಾಟಕ ಪದ್ಧತಿಯ ಸ್ವರವಿನ್ಯಾಸದಲ್ಲಿ ಖಾನಸಾಹೇಬರಿಗೆ ಬಹಳ ಆದರವಿತ್ತು. ಅಂಥವರು ಮೆಚ್ಚಿದ ವಿದ್ಯೆ ಆಕೆಯದು. ಆದರೆ ಮಗಳ ಒಲವು ಹಿಂದುಸ್ತಾನಿ ಪದ್ಧತಿಯ ಕಡೆಗೆ ತಿರುಗಿದುದನ್ನು ಕಂಡು, ತನ್ನ ಹಾಡಿನ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ಕರ್ನಾಟಕ ಸಂಗೀತವನ್ನು ಹಾಡುವದನ್ನೇ ನಿಲ್ಲಿಸಿದರು. ಮಗಳ ವಿದ್ಯೆಗೆ ಅನುಕೂಲವಾಗಲೆಂದೇ ಸಂಸಾರವು ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ಅಂಬಾಬಾಯಿಯವರು ತೀರಿಕೊಂಡರು. ಮಗಳ ಕೀರ್ತಿಯನ್ನು ನೋಡುವ ಭಾಗ್ಯವು ಆಕೆಗೆ ದೊರೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರಿಗೆ ಹಿಂದುಸ್ತಾನಿ ಸಂಗೀತದ ಮೊದಲ ಪಾಠಗಳನ್ನು ಹೇಳಿದವರು ಹುಲಗೂರ ಕೃಷ್ಣಾಚಾರ್ಯರು. ಅವರ ಹೆಸರಿನಲ್ಲಿರುವ ಹುಲಗೂರು ನಮ್ಮ ಶಿಗ್ಗಾಂವಿ ತಾಲೂಕಿನ ಊರು. ಅಲ್ಲಿಯ ದರ್ಗೆಗೂ ಶರೀಫಸಾಹೇಬರ ಮನೆತನಕ್ಕೂ ಇದ್ದ ಭಕ್ತಿಯ ಸಂಬಂಧವು ಎಲ್ಲರಿಗೂ ಗೊತ್ತಿದ್ದುದೇ. ಕೃಷ್ಣಾಚಾರ್ಯರು ಕಿನ್ನರಿಯನ್ನು ನುಡಿಸುವವರು. ಕಿನ್ನರಿಯೆಂಬುದು ನಮ್ಮ ದೇಶದ ಅತ್ಯಂತ ಹಳೆಯ ತಂತೀವಾದ್ಯಗಳಲ್ಲೊಂದು. ಅದರ ಲಘು, ಬೃಹತ್ ಎಂಬ ಭೇದಗಳನ್ನು ಶಾರ್ಙ್ಗದೇವನು ವರ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನ ಹೆಸರಿಗೇ ಅದು ಹತ್ತಿಕೊಂಡಿದೆ. ಮನೆಮನೆಯ ಮುಂದೆ ಭಾರತದ ಕಥೆಗಳನ್ನು ಹಾಡುತ್ತಿದ್ದ ಕಿನ್ನರಿ ಜೋಗಿಗಳ ಕೈಯಲ್ಲಿಯೂ ಅದೇ ಇತ್ತು. ಇಂಥ ವಾದ್ಯವನ್ನು ಬಲ್ಲ ಗುರುವಿನಿಂದ ಸುಮಾರು ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳು ಗಂಗೂಬಾಯಿಯವರಿಗೆ ಪಾಠವಾದವು. ತರುವಾಯ ಕೆಲವು ಕಾಲ ದತ್ತೋಪಂತ ದೇಸಾಯಿಯವರಿಂದ ಶಿಕ್ಷಣವಾಯಿತು.

ಆದರೆ ಅವರ ಗಾಯನಕ್ಕೆ ಅಚ್ಚು ಹಾಕಿದ ಗುರುಗಳು ಕುಂದಗೋಳದ ಸವಾಯಿ ಗಂಧರ್ವರು (1886–1952). ಕುಂದಗೋಳವು ಶಿಗ್ಗಾಂವಿಗೂ ಹುಬ್ಬಳ್ಳಿಗೂ ನಡುವಿನ ಸೀಮೆಯಲ್ಲಿದ್ದು, ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಮಚಂದ್ರ ಕುಂದಗೋಳಕರ ಎಂಬುದು ಸವಾಯಿ ಗಂಧರ್ವರ ಮೊದಲಿನ ಹೆಸರು. ಅಬ್ದುಲ್ ಕರೀಮ ಖಾನರ ಪಟ್ಟಶಿಷ್ಯರಾಗಿ, ಮರಾಠೀ ರಂಗಭೂಮಿಯಲ್ಲಿ ಹೆಸರು ಗಳಿಸಿ, ಕಡೆಗೆ ಊರಿಗೆ ಮರಳಿದ ಅವರಲ್ಲಿ ಗಂಗೂಬಾಯಿಯವರು 1930ರ ದಶಕದ ಕೊನೆಯ ಭಾಗದಲ್ಲಿ ಸುಮಾರು ಮೂರು ವರ್ಷ ನಿಯಮದಿಂದ ಕಲಿತರು. ಮಕ್ಕಳೊಂದಿಗರಾದ ಗೃಹಿಣಿಯು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಉಗಿಬಂಡಿಯಲ್ಲಿ ಹೋಗಿ, ಪಾಠ ಮುಗಿಸಿಕೊಂಡು ರಾತ್ರಿಗೆ ತಿರುಗಿ ಬರುವದಾಗುತ್ತಿತ್ತು. ಮುಂದೆ ದೇಶವಿಖ್ಯಾತರಾದ ಭೀಮಸೇನ ಜೋಶಿಯವರೂ ಫಿರೋಜ ದಸ್ತೂರರೂ ಅಲ್ಲಿಯ ಗುರುಬಂಧುಗಳು. ಜಿಪುಣನು ಹಣವನ್ನು ಒಂದೊಂದಾಗಿ ಎಣಿಸಿ ವೆಚ್ಚ ಮಾಡುವಂತೆ ಸ್ವರವನ್ನು ವೆಚ್ಚ ಮಾಡಬೇಕೆಂಬುದು ಗುರುಗಳ ಬೋಧೆಯಾಗಿತ್ತೆಂದು ಗಂಗೂಬಾಯಿಯವರು ಹೇಳುತ್ತಿದ್ದರು. ಕಿರಾಣಾ ಪದ್ಧತಿಯ ಜೀವವೇ ಈ ಮಿತವ್ಯಯದಲ್ಲಿದೆ. ಖಾನಸಾಹೇಬರ ಪೂರ್ವಜರು ಸಾರಂಗಿಯವರು. ಖಾನಸಾಹೇಬರಿಗೂ ಬೀನ್ ಸಾರಂಗಿಗಳು ಗೊತ್ತಿದ್ದವು. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಎಳೆದುಕೊಂಡು ಹೋಗುವ ತಂತಿಯ ಗುಣವು ಹೀಗೆ ಕಂಠಕ್ಕೆ ಇಳಿಯಿತು. ಆದುದರಿಂದ ಗಾಯನದ ಈ ವೃಂದವನ್ನು ತಂತೀವಾದ್ಯಗಳ ಚತುಷ್ಟಯದ ಪಕ್ಕದಲ್ಲಿಟ್ಟು ನೋಡುವದು ಕೇವಲ ಉಪಮೆಯಾಗಲಾರದು. ವಂಶದಿಂದಲೇ ಇದು ತಂತಿಯ ಬಳಗವು.

ಗ್ರಾಮೋಫೋನ್ ತಟ್ಟೆಗಳಿಂದ ಮೊದಲು ಹೆಸರು ಹರಡಿತು. ಎಚ್. ಎಂ. ವ್ಹಿ. ಕಂಪನಿಯವರು 1930ರ ದಶಕದಲ್ಲಿ ಮುಂಬಯಿಯಲ್ಲಿ ಇವರ ಹಾಡುಗಳನ್ನು ಮುದ್ರಿಸಿಕೊಂಡರು. ಮೊದಲಿನ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರನ್ನೂ ಕಾಣುತ್ತೇವೆ. ಮುಂಬಯಿಯ ಜಲಸಾಗಳು, ಗಣೇಶೋತ್ಸವಗಳು, ಆಕಾಶವಾಣಿ, ಹೀಗೆ ಕರೆಗಳು ಬರತೊಡಗಿದವು. ಆರಂಭದಲ್ಲಿ ಭಜನೆ, ಠುಮರಿಗಳನ್ನು ಹಾಡುತ್ತಿದ್ದವರು ಬರಬರುತ್ತ ಅವನ್ನು ಬಿಟ್ಟು ಶುದ್ಧ ರಾಗಗಾಯನಕ್ಕೇ ನಿಂತರು. ಭೈರವ, ಆಸಾವರಿ, ತೋಡಿ, ಭೀಮಪಲಾಸ, ಪೂರಿಯಾ, ಮಾರವಾ, ಕೇದಾರ, ಚಂದ್ರಕೌಂಸ ಇವು ಅವರ ಪ್ರೀತಿಯ ರಾಗಗಳು.

ಇಷ್ಟರಲ್ಲಿ ಒಂದು ವಿಪತ್ತು ಬಂದಿತು. ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಅವರ ಕಂಠವು ಬದಲಾಯಿತು. ಮೊದಲಿನ ತಟ್ಟೆಗಳನ್ನು ಕೇಳಿದರೆ ಎಳೆಯ, ತೆಳುವಾದ, ಮೇಲ್ಸ್ಥಾಯಿಯಲ್ಲಿ ಲೀಲೆಯಿಂದ ಸಂಚರಿಸುವ ಹೆಣ್ಣುದನಿಯು ಕೇಳಿಸುವದು. ನಂತರದವುಗಳಲ್ಲಿ ಗಂಭೀರವಾದ, ಗಂಡಸರದೆಂದೇ ಭ್ರಮೆ ಹುಟ್ಟಿಸುವ ಘನವಾದ ದನಿ. ಇಂಥ ಸಂಕಟದಲ್ಲಿ ಹಾಡುಗಾರಿಕೆಯನ್ನೇ ಬಿಟ್ಟವರೆಷ್ಟೋ ಮಂದಿ. ಗಂಗೂಬಾಯಿಯವರು ಬಿಡಲಿಲ್ಲ, ಬಂದ ದನಿಗೆ ತಕ್ಕಂತೆ ಗಾಯನವನ್ನು ತಿದ್ದಿಕೊಂಡರು. ಮಂದ್ರಸ್ಥಾಯಿಯ ಆಲಾಪವು ಮೊದಲಿಗಿಂತ ಹೆಚ್ಚು ತೂಕವುಳ್ಳದ್ದಾಯಿತು. ಆದರೆ ತಾರಸ್ಥಾನದ ಬೆಳಕು? ಆ ಕೊರತೆಯನ್ನು ತುಂಬಿದವರು ಮಗಳಾದ ಕೃಷ್ಣಾಬಾಯಿಯವರು.

ಈಗ ವೃಂದದ ಪೂರ್ಣರೂಪವು ನಮ್ಮ ಕಣ್ಣಿಗೆ ಬೀಳುವದು. ನಡುವೆ ಗಂಗೂಬಾಯಿಯವರು, ಹಿಂದೆ ತಂಬೂರಿಯೊಡನೆ ಕೃಷ್ಣಾಬಾಯಿಯವರು, ಪಕ್ಕದಲ್ಲಿ ತಬಲದ ಮೇಲೆ ಬಂಧುವರ್ಗದವರೇ ಆದ ಶೇಷಗಿರಿ ಹಾನಗಲ್ಲರು, ಮತ್ತೊಂದು ಪಕ್ಕದಲ್ಲಿ ಪೇಟಿಯವರು. ಪೇಟಿಯ ಸಾಥಿದಾರರು ಊರಿಂದೂರಿಗೆ ಬದಲಾಗುತ್ತಿದ್ದರು. ಉಳಿದ ಮೂವರು ಒಂದೇ ಹೆಸರಿನವರು. ಇವರೆಲ್ಲರಿಗೂ ಆಧಾರವಾದುದು ನಾಲ್ಕು ತಂತಿಯ ತಂಬೂರಿ. ಪಂಚಮ ಒಂದು, ನಡುವಿನ ಷಡ್ಜದ ಜೋಡಿ ಎರಡು, ಕೆಳಗಿನ ಖರಜ ಒಂದು. ಕುದುರೆಯ ಮೇಲೆ ತಂತಿಯಡಿಗೆ ನೂಲಿನೆಳೆಯನ್ನು ಸರಿಸಿ ಜೀವಾಳಿಯನ್ನು ಹಿಡಿಸಿದಾಗ ಆ ನಾಲ್ಕೇ ತಂತಿಗಳಿಂದ ಉಳಿದ ಸ್ವರಗಳೂ ಹೊಮ್ಮಿದಂತಾಗುವದು. ಇಂಥ ತಂಬೂರಿಗಳಿಗೆ ಮಿರಜವು ಹೆಸರಾದುದು. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ.

ಕೃಷ್ಣಾಬಾಯಿಯವರ ಕೆಲಸವು ಎಷ್ಟು ಸೂಕ್ಷ್ಮವಾದುದೆಂಬುದನ್ನು ತುಸು ವಿವರಿಸಬೇಕು. ವಿಲಂಬಿತ ಖ್ಯಾಲದಲ್ಲಿ ಮುಖ್ಯಗಾಯಕಿಯು ಒಂದು ಸ್ವರವನ್ನು ಹಿಡಿದು, ಅದರ ಸುತ್ತಲೂ ಸಂಚರಿಸಿ, ಮೆಲ್ಲಗೆ ಮುಂದಿನ ಸ್ವರದ ಕಡೆಗೆ ಬಡತ ಮಾಡುತ್ತಾಳೆ. ಆಕೆ ಉಸಿರು ಎಳೆದುಕೊಳ್ಳುವ ಆ ಕ್ಷಣದಲ್ಲಿ ಹಿಂದಿನ ಕಂಠವು ಅದೇ ಸ್ವರವನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮುಂದೆ ಹೋಗಕೂಡದು, ಹೋದರೆ ಮುಖ್ಯಗಾಯಕಿಯ ದಾರಿಯನ್ನು ಕಟ್ಟಿದಂತೆ. ಹಿಂದೆ ಬೀಳಕೂಡದು, ಬಿದ್ದರೆ ರಾಗದ ಎಳೆ ಕಡಿದಂತೆ. ತನಗೆ ಹೊಳೆದ ಹೊಸ ಸಂಚಾರವು ಎಷ್ಟೇ ಸೊಗಸಾಗಿದ್ದರೂ ಅದನ್ನು ನುಂಗಿಕೊಳ್ಳಬೇಕು. ಆದರೂ ತಾರಷಡ್ಜಕ್ಕೆ ಏರುವ ಹೊತ್ತು ಬಂದಾಗ ತಾಯಿಯ ಘನವಾದ ದನಿಯ ಮೇಲೆ ಮಗಳ ತಿಳಿಯಾದ ದನಿಯು ಕಳಶವಿಟ್ಟಂತೆ ನಿಲ್ಲುತ್ತಿತ್ತು. ಧ್ವನಿಮುದ್ರಿಕೆಗಳನ್ನು ಈಗ ಕೇಳಿದರೂ ಆ ಸಂಧಿಯು ಸ್ಪಷ್ಟವಾಗುವದು.

ಶಾರ್ಙ್ಗದೇವನ ಒರೆಗಲ್ಲನ್ನು ಈಗ ತೆಗೆದುಕೊಳ್ಳೋಣ. ಮುಖ್ಯಗಾಯಕಿಯ ಅನುಸರಣೆ, ದನಿಗಳ ಮಿಲನ, ತಾಳದ ಹಿಂಬಾಲಿಕೆ ಈ ಮೂರೂ ಮನೆಯಲ್ಲಿಯೇ ದಿನನಿತ್ಯದ ರಿಯಾಜಿನಿಂದ ಸಿದ್ಧವಾದವು. ಕಡಿದುದನ್ನು ತುಂಬಿಕೊಡುವ ನಾಲ್ಕನೆಯ ಗುಣವೂ ಮೂರು ಸ್ಥಾನಗಳನ್ನು ವ್ಯಾಪಿಸುವ ಐದನೆಯ ಗುಣವೂ ಈ ವೃಂದದಲ್ಲಿ ಒಂದರೊಳಗೊಂದು ಬೆರೆತುಹೋದವು. ತಾಯಿಯು ಕಳೆದುಕೊಂಡ ಸ್ಥಾನವನ್ನೇ ಮಗಳು ಕಾದಳು. ಆರನೆಯದಾದ ಶಬ್ದಸಾದೃಶ್ಯ ಮಾತ್ರ ಇಲ್ಲಿರಲಿಲ್ಲ. ಒಂದು ದನಿ ಘನ, ಇನ್ನೊಂದು ತೆಳುವು. ಶಾಸ್ತ್ರದ ಲೆಕ್ಕಕ್ಕೆ ಇದು ಕೊರತೆಯೇ. ಆದರೆ ಈ ಅಸಾದೃಶ್ಯದಿಂದಲೇ ಕೇಳುವವರಿಗೆ ಎರಡೂ ದನಿಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವೆಂಬುದನ್ನು ಮರೆಯಲಾಗದು. ವೃಂದದ ಆ ದೋಷವೇ ಕೃಷ್ಣಾಬಾಯಿಯವರ ಗುರುತನ್ನು ನಮಗಾಗಿ ಉಳಿಸಿಕೊಟ್ಟಿದೆ.

ಈ ವೃಂದವು ದೇಶದ ಹೆಸರಾದ ಸಂಗೀತ ಸಮ್ಮೇಲನಗಳಲ್ಲಿ ಹಾಡಿತು; ಗುರುಗಳ ಸ್ಮರಣೆಗಾಗಿ ಭೀಮಸೇನ ಜೋಶಿಯವರು ಮುಂದಾಗಿ 1953ರಿಂದ ಪುಣೆಯಲ್ಲಿ ನಡೆಸಿದ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡಿತು; ಅಮೆರಿಕ, ಕೆನಡಾ, ಯುರೋಪ ಖಂಡಗಳ ವರೆಗೂ ಹೋಗಿ ಬಂದಿತು. 1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ತೆರೆದ ಮೇಲೆ ನಮ್ಮ ಹಳ್ಳಿಗಳ ಮನೆಗಳಲ್ಲಿಯೂ ಆ ದನಿಗಳ ಪರಿಚಯವಾಯಿತು. ಗಂಗೂಬಾಯಿಯವರಿಗೆ 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಇವು ದೊರೆತವು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿಯೂ ಇದ್ದರು. ಬೆಳಗಾವಿಯಲ್ಲಿ ಎಂಜಲೆಲೆಯ ಅಂಜಿಕೆಯಿಂದ ಕುಳಿತಿದ್ದ ಬಾಲಕಿಯ ಹೆಸರಿನಿಂದ ಈಗ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ನಡೆದಿದೆ. ಹಾನಗಲ್ಲಿನ ಹೆಸರು ಈ ಪ್ರಕಾರವಾಗಿ ಊರಿನ ಗಡಿಯನ್ನು ದಾಟಿ ಎಲ್ಲೆಲ್ಲಿಗೋ ಹೋಯಿತು.

ಈ ಎಲ್ಲ ಮನ್ನಣೆಗಳು ಒಂದೇ ಹೆಸರಿಗೆ ಬಂದವು. ಇದರಲ್ಲಿ ಯಾರ ತಪ್ಪೂ ಇಲ್ಲ. ಮುಖ್ಯಗಾಯಕರಿಗೇ ಮನ್ನಣೆ ಕೊಡುವದು ನಮ್ಮ ಪದ್ಧತಿಯು. ಆದರೆ ಇತಿಹಾಸವನ್ನು ಬರೆಯುವವರು ಪದ್ಧತಿಯ ಹಿಂದಿರುವದನ್ನೂ ನೋಡಬೇಕು. ತಾಯಿಯು ಮಗಳಿಗಾಗಿ ತನ್ನ ವಿದ್ಯೆಯನ್ನು ಮೌನವಾಗಿಸಿದಳು. ಮಗಳು ತಾಯಿಗಾಗಿ ತನ್ನ ದನಿಯನ್ನು ಹಿಂದೆ ಸರಿಸಿ ನಿಲ್ಲಿಸಿದಳು. ಅಂಬಾಬಾಯಿ, ಗಂಗೂಬಾಯಿ, ಕೃಷ್ಣಾಬಾಯಿ ಎಂಬ ಮೂರು ತಲೆಮಾರುಗಳಲ್ಲಿ ನಡುವಿನ ಒಂದು ಕಂಠವು ಲೋಕಕ್ಕೆ ಕೇಳಿಸಬೇಕಾದರೆ ಆಚೆಈಚೆಯ ಎರಡು ಕಂಠಗಳು ಇಷ್ಟು ತೆರಬೇಕಾಯಿತು. ಅಮೇಡಿಯಸ್ ಚತುಷ್ಟಯದಲ್ಲಿ ಎರಡನೆಯ ಪಿಟೀಲನ್ನು ನಾಲ್ವತ್ತು ವರ್ಷ ಬಾರಿಸಿದ ನಿಸ್ಸೆಲನೂ ಮೊದಲ ಪಿಟೀಲಿನ ನೆರಳಲ್ಲಿಯೇ ಕುಳಿತವನು. ಆದರೆ ಅವರ ಪ್ರತಿಯೊಂದು ಧ್ವನಿಮುದ್ರಿಕೆಯೂ ನಾಲ್ವರಿಗೂ ಸಮಾನವಾದ ಹೆಸರಿನಲ್ಲಿ ಹೊರಬಂದಿತು. ನಮ್ಮಲ್ಲಿ ಆ ಏರ್ಪಾಡು ಇರಲಿಲ್ಲ.

ಇದೇ ಹಾನಗಲ್ಲ ತಾಲೂಕು ಇನ್ನೊಂದು ದಾರಿಯನ್ನೂ ತೋರಿಸಿಕೊಟ್ಟಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಹೆಸರಿನಿಂದ ಹುಟ್ಟಿದ ಬಾಲಕನಿಗೂ ಆತನ ಸಹೋದರನಿಗೂ ಕಣ್ಣುಗಳಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು (1867–1930) ಈ ಇಬ್ಬರ ಹಾಡನ್ನು ಕೇಳ್ದು ಮೆಚ್ಚಿ ಕೈಹಿಡಿದು ವಿದ್ಯೆ ಕಲಿಸಿದರು. ಆ ಬಾಲಕನೇ ಮುಂದೆ ಕರ್ನಾಟಕ, ಹಿಂದುಸ್ತಾನಿ ಎಂಬ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ಅಂಧ ಮತ್ತು ಅನಾಥ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ಅವರು ನಡೆಸಿದರು. ಅದು ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಪಾಠಶಾಲೆಯು ನಿಲ್ಲಲಿಲ್ಲ. ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಶಿಷ್ಯ ಪುಟ್ಟರಾಜ ಗವಾಯಿಗಳು, ಇವರೂ ಕಣ್ಣಿಲ್ಲದವರೇ, ಆ ಭಾರವನ್ನು ಹೊತ್ತು 2010ರ ವರೆಗೆ ನಡೆಸಿದರು. ಈ ದೇವಗಿರಿಯು ನಮ್ಮ ಹಾವೇರಿ ಸೀಮೆಯದು. ಶಾರ್ಙ್ಗದೇವನ ದೇವಗಿರಿ ಬೇರೆ. ಪಿಟೀಲು, ಸಾರಂಗಿ, ಪೇಟಿ, ತಬಲ ಇವೇ ಮೊದಲಾದ ಅನೇಕ ವಾದ್ಯಗಳನ್ನು ಪುಟ್ಟರಾಜರು ನುಡಿಸಬಲ್ಲವರಾಗಿದ್ದರು. ಇಲ್ಲಿ ವ್ಯಕ್ತಿಗಳು ಬದಲಾದರೂ ಬಳಗವು ಉಳಿಯಿತು. ಬುಡಾಪೆಸ್ಟ್ ಚತುಷ್ಟಯದ ದಾರಿ ಇದು.

ಹುಬ್ಬಳ್ಳಿಯ ಮನೆಯ ದಾರಿ ಅಮೇಡಿಯಸ್ಸಿನದು. ರಕ್ತಸಂಬಂಧದಿಂದ ಕಟ್ಟಿದ ವೃಂದದಲ್ಲಿ ಒಬ್ಬರ ಸ್ಥಾನವನ್ನು ಬೇರೊಬ್ಬರಿಂದ ತುಂಬಿಸುವದಾಗದು. 2004ರಲ್ಲಿ ಕೃಷ್ಣಾಬಾಯಿಯವರು ಅರ್ಬುದ ರೋಗದಿಂದ ತೀರಿಕೊಂಡರು. ತೊಂಬತ್ತೊಂದು ವರ್ಷದ ತಾಯಿಯು ಬದುಕಿದ್ದು, ತನ್ನ ಹಿಂದಿನ ದನಿಯು ಇಲ್ಲವಾದುದನ್ನು ನೋಡಬೇಕಾಯಿತು. ತಾವೂ ಅದೇ ಜಾತಿಯ ರೋಗವನ್ನು ಗೆದ್ದು ಬಂದಿದ್ದ ಗಂಗೂಬಾಯಿಯವರು 2006ರ ಮಾರ್ಚದಲ್ಲಿ ಕೊನೆಯ ಬೈಠಕನ್ನು ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ಕಾಲವಶರಾದರು. ಒಬ್ಬ ಗಾಯಕಿಯ ಆಯುಷ್ಯವು ಮುಗಿದದ್ದು ಆ ದಿನ. ವೃಂದದ ಆಯುಷ್ಯವು ಐದು ವರ್ಷ ಮೊದಲೇ ಮುಗಿದಿತ್ತೆಂದು ಹೇಳುವದೇ ಯುಕ್ತವಾದುದು.

ಈ ಎರಡು ದಾರಿಗಳಲ್ಲಿ ಯಾವದು ಮೇಲು ಎಂಬ ವಾದಕ್ಕೆ ಇಳಿಯುವ ಕಾರಣವಿಲ್ಲ. ಪುಣ್ಯಾಶ್ರಮದಂಥ ಸಂಸ್ಥೆಗೆ ಕಟ್ಟಡ, ದಾಖಲೆ, ಶಿಷ್ಯಪರಂಪರೆಗಳಿವೆ. ಅದರ ಚರಿತ್ರೆಯು ತಾನಾಗಿಯೇ ಉಳಿಯುವದು. ಮನೆಯಲ್ಲಿ ಹುಟ್ಟಿ ಮನೆಯಲ್ಲಿಯೇ ಮುಗಿಯುವ ವೃಂದಗಳ ಚರಿತ್ರೆಯು ಯಾರಾದರೂ ಬರೆದಿಟ್ಟರೆ ಮಾತ್ರ ಉಳಿಯುವದು. ನಮ್ಮ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಭಜನಾಮೇಳಗಳುಂಟು, ಹಳೆಯ ನಾಟಕ ಮಂಡಳಿಗಳ ಪೇಟಿ ತಬಲಗಳ ಸಾಥಿದಾರರುಂಟು, ಹಿಂದಿನಿಂದ ದನಿಗೂಡಿಸಿ ಹೆಸರಿಲ್ಲದೆ ಹೋದ ಹೆಣ್ಣುಮಕ್ಕಳುಂಟು. ಅವರ ಹೆಸರು, ಊರು, ಗುರು, ಹಾಡಿದ ಕಾಲ, ಇಷ್ಟನ್ನಾದರೂ ಆಯಾ ಊರಿನ ವಿದ್ಯಾವಂತರು ಬರೆದು ಕಳಿಸಿದರೆ ನಮ್ಮ ಸಂಘವು ಅದನ್ನು ಕಾಯ್ದಿಡಬಹುದು. ಮುಂದೆ ಯಾರಾದರೂ ಗಂಗೂಬಾಯಿಯವರ ಹಳೆಯ ಧ್ವನಿಮುದ್ರಿಕೆಯನ್ನು ಹಚ್ಚಿದಾಗ, ತಾರಷಡ್ಜದಲ್ಲಿ ಕೇಳಿಬರುವ ಎರಡನೆಯ ದನಿಯು ಯಾರದೆಂದು ಮನೆಯ ಮಕ್ಕಳು ಕೇಳಿದರೆ, ಕೃಷ್ಣಾಬಾಯಿ ಹಾನಗಲ್ಲರದೆಂದು ಹೇಳುವಷ್ಟು ತಿಳಿವಳಿಕೆ ನಮ್ಮ ಮನೆಗಳಲ್ಲಿರಲಿ.